ಬೇಡವೆಂದವರಿಗೆ ಇನ್ನೊಂದು ರೊಟ್ಟಿ

ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ ಬೇಡ ಎಂದರೆ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎರಡನೆಯ ಸಲ ಬೇಡ ಎಂದರೆ ಬಡಿಸುವವರ ಕೈ ಒಂದು ಗಳಿಗೆ ತಡೆಯುತ್ತದೆ, ಅಷ್ಟೆ. ಮೂರನೆಯ ಸಲ ತಾಟಿನ ಮೇಲೆ ಕೈ ಅಡ್ಡ ಹಿಡಿದು, ಮೈಯನ್ನೆಲ್ಲ ಅದರ ಮೇಲೆ ಬಗ್ಗಿಸಿ, ಕಾಲಿಗೆ ಬೀಳುವ ಮಾತಾಡಿದಾಗ ಮಾತ್ರ ರೊಟ್ಟಿಯ ಬುಟ್ಟಿ ಮುಂದಿನವರ ಕಡೆ ಹೊರಡುತ್ತದೆ. ಮೊದಲ ಸಲಕ್ಕೇ ಹೂಂ ಎಂದವನು ಹೊಟ್ಟೆಬಾಕ. ಮೊದಲ ಸಲಕ್ಕೇ ಬಿಟ್ಟು ಮುಂದೆ ಹೋದವನು ಜಿಪುಣ. ಇದನ್ನು ನಮಗೆ ಯಾರೂ ಕೂಡಿಸಿ ಕಲಿಸಿದ್ದಲ್ಲ. ಹುಟ್ಟಿದಾಗಿನಿಂದ ಪಂಕ್ತಿಯಲ್ಲಿ ಕೂತು ಕಲಿತದ್ದು.

ಗದುಗಿನ ಹತ್ತಿರದ ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಗ್ರಾಮೀಣಾಭಿವೃದ್ಧಿ ಓದಿ, ಪ್ರವಾಸೋದ್ಯಮ ಮತ್ತು ಹಳ್ಳಿಯ ದುಡಿಮೆ ಎಂಬ ವಿಷಯದ ಮೇಲೆ ದಪ್ಪನೆಯ ಪ್ರಬಂಧ ಬರೆದಿದ್ದ ನಾನು ಇದನ್ನೇ ಮರೆತೆ. ಆ ಮರೆವಿನಿಂದ ಲಕ್ಷ್ಮೇಶ್ವರದಲ್ಲಿ ಮೂವರು ಹೆಂಗಸರ ಕೆಲಸ ಹೋಗುವುದರಲ್ಲಿತ್ತು.

ಈ ಪ್ರಸಂಗವನ್ನು ಗದುಗಿನ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳಿಗೆ ಹಲವು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ಜಾಣೆ ನಾನೇ. ಹೋದ ತಿಂಗಳು ಏನೋ ಹುಡುಕುತ್ತ ಆ ದಿನಗಳ ಡೈರಿ ಕೈಗೆ ಬಂತು. ಓದಿದರೆ ಜಾಣೆ ಬೇರೆ ಯಾರೋ ಆಗಿದ್ದಳು. ಅದಕ್ಕೆ ಈಗ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡು, ಸಂಶಯ ಬಂದಲ್ಲಿ ಅಕ್ಕನಿಗೆ ಫೋನು ಹಚ್ಚಿ ಕೇಳುತ್ತ ಬರೆಯುತ್ತಿದ್ದೇನೆ. ಡೈರಿ, ಅಕ್ಕ, ನಾನು, ಮೂವರೂ ಒಪ್ಪದ ಕಡೆ ಒಪ್ಪಿಲ್ಲವೆಂದೇ ಹೇಳುತ್ತೇನೆ.

ಅಕ್ಕನ ಖಾನಾವಳಿ ಲಕ್ಷ್ಮೇಶ್ವರದ ಕಾಳಿನ ಪೇಟೆಯ ಹಿಂದಿನ ಓಣಿಯಲ್ಲಿದೆ. ಮನೆಯ ಪಡಸಾಲೆಯೇ ಊಟದ ಜಾಗ. ಹಮಾಲರು, ದಲಾಲರು, ಸುತ್ತಲಿನ ಹಳ್ಳಿಗಳಿಂದ ಹೆಸರು, ಕಡಲೆ, ಶೇಂಗಾ ತಂದ ರೈತರು, ಲಾರಿ ಚಾಲಕರು ಅಲ್ಲಿ ಉಣ್ಣುವವರು. ಅಡುಗೆಮನೆ ಅಕ್ಕನದು, ಬಡಿಸುವುದು ಅವಳ ಗಂಡನದು. ಅವರನ್ನು ನಾನು ಮಾಮಾ ಎನ್ನುತ್ತೇನೆ. ಮಾಮಾ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂತದ್ದನ್ನು ನಾನು ಕಂಡೇ ಇಲ್ಲ. ರೊಟ್ಟಿಯ ಬುಟ್ಟಿ ಎಡ ಸೊಂಟದ ಮೇಲೆ, ಬಲಗೈಯಲ್ಲಿ ಬಿಸಿ ರೊಟ್ಟಿ, ಬಾಯಲ್ಲಿ ಒತ್ತಾಯ.

"ಈ ರೊಟ್ಟಿ ನಿಮ್ಮ ಹೆಸರಲೇ ಬೆಂದೈತ್ರಿ. ಇನ್ನೊಬ್ಬರ ತಾಟಿಗೆ ಹೆಂಗ ಹಾಕ್ಲಿ?"

ಇದನ್ನು ಅವರು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೇಳಿದಂತೆ ನಗುತ್ತಿದ್ದರು.

ರೊಟ್ಟಿ ಬಡಿಯುವುದು ದೊಡ್ಡವ್ವ. ಅವಳು ನಮ್ಮ ಸಂಬಂಧಿಕಳಲ್ಲ. ಕುರ್ತಕೋಟಿಯಿಂದ ಸೊಸೆಯಾಗಿ ಲಕ್ಷ್ಮೇಶ್ವರಕ್ಕೆ ಬಂದವಳು, ಅಕ್ಕ ಖಾನಾವಳಿ ತೆರೆದ ದಿನದಿಂದ ಹಂಚಿನ ಮುಂದೆ ಕೂತವಳು. ಹಂಚಿನಷ್ಟೇ ಅಗಲ, ಹಿಡಿದರೆ ಆಚೆಗಿನ ಬೆಳಕು ಕಾಣುವಷ್ಟು ತೆಳುವು ಅವಳ ರೊಟ್ಟಿ. ರೊಟ್ಟಿಯ ಅಗಲ ಅವಳ ಮರ್ಯಾದೆಯ ವಿಷಯ.

ಒಂದು ದಿನ ಹುಬ್ಬಳ್ಳಿ ಕಡೆಯ ಸಣ್ಣದೊಂದು ಪ್ರವಾಸ ಕಂಪನಿಯ ವ್ಯವಸ್ಥಾಪಕ ಅಲ್ಲಿ ಊಟಕ್ಕೆ ಬಂದ. ಮೂವತ್ತರ ಆಸುಪಾಸಿನ ಮಾತುಗಾರ. ಎಲ್ಲರೂ ಅವನನ್ನು 'ಕಂಪನಿ ಸರ್' ಎನ್ನತೊಡಗಿದರು. ಅವನ ಯೋಜನೆ ಹೀಗಿತ್ತು: ಬೆಳಿಗ್ಗೆ ಸೋಮೇಶ್ವರ ಗುಡಿ, ಬಸದಿಗಳು, ಮಧ್ಯಾಹ್ನ ಊಟ, ಆಮೇಲೆ ಶಿರಹಟ್ಟಿ ದಾಟಿ ಮುಂಡರಗಿ ಕಡೆಗೆ, ಕಪ್ಪತಗುಡ್ಡದ ಗಾಳಿಗೆ. ಅವರ ಕಂಪನಿ ಸುಸ್ಥಿರ ಪ್ರವಾಸ ಮಾಡಿಸುವುದಾಗಿ ಜನರಿಗೆ ಮಾತು ಕೊಟ್ಟಿತ್ತು. ಪ್ಲಾಸ್ಟಿಕ್ ಬಾಟಲಿ ಇರಬಾರದು, ಅಡುಗೆ ಊರಿನವರದೇ ಇರಬೇಕು, ಅನ್ನ ಹಾಳಾಗಬಾರದು. ಮೂರು ಸಲ ಜನರನ್ನು ತಂದು ನೋಡುತ್ತೇವೆ, ಸರಿಹೋದರೆ ಚಳಿಗಾಲದುದ್ದಕ್ಕೂ ಊಟ ಇಲ್ಲೇ, ಇಲ್ಲದಿದ್ದರೆ ಹೆದ್ದಾರಿಯ ಮೇಲಿನ ದೊಡ್ಡ ಹೋಟೆಲಿನವರು ಕರೆಯುತ್ತಿದ್ದಾರೆ ಎಂದ.

ಅಕ್ಕ ಅವನನ್ನು ನಂಬಿದಳು. ಹಿತ್ತಲಲ್ಲಿ ತಗಡು ಹೊದಿಸಿ ಇನ್ನೆರಡು ಒಲೆ ಹೂಡಿದಳು. ದೊಡ್ಡವ್ವನ ಕೈಕೆಳಗೆ ಮೂವರು ಹೆಂಗಸರನ್ನು ಕರೆದುಕೊಂಡಳು. ಮೂವರೂ ಅದುವರೆಗೆ ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದವರು. ಅವರಲ್ಲಿ ವಯಸ್ಸಿನಿಂದ ನಡುವಿನವಳಿಗೆ ಸೊಂಟದ ನೋವು. ಬಗ್ಗಿದರೆ ಏಳಲು ಇನ್ನೊಬ್ಬರ ಕೈ ಬೇಕು. ನಾನು ಮೊದಲ ಸಲ ನೋಡಿದಾಗ ಅವಳು ಹಿಟ್ಟು ನಾದುತ್ತ ಹೇಳಿದ್ದಳು.

"ಇದು ಕುಂತ ಮಾಡೂ ಕೆಲಸ ಐತ್ರಿ ಅಕ್ಕಾರ. ಇದು ಹೋದ್ರ ನಾ ಮತ್ತ ಬಗ್ಗಬೇಕು."

ಡೈರಿಯಲ್ಲಿ ಈ ಮಾತು ಇದೆ, ಅದೇ ಶಬ್ದಗಳಲ್ಲಿ. ಇದರ ಬಗ್ಗೆ ನನಗೆ ಸಂಶಯವಿಲ್ಲ.

ಮೊದಲ ಗಾಡಿಯಲ್ಲಿ ಬಂದವರು ಬೆಂಗಳೂರಿನವರು, ಇಪ್ಪತ್ತು ಜನ. ಆ ದಿನ ನಾನು ಇರಲಿಲ್ಲ, ಅಕ್ಕ ಹೇಳಿದ್ದನ್ನು ಬರೆಯುತ್ತೇನೆ. ಅವರಿಗೆ ಎಣ್ಣೆಗಾಯಿ ಹಿಡಿಸಿತು, ಮಡಕಿ ಕಾಳಿನ ಪಲ್ಯ ಹಿಡಿಸಿತು, ರೊಟ್ಟಿಯನ್ನು ಎತ್ತಿ ಹಿಡಿದು ಫೋಟೋ ತೆಗೆದುಕೊಂಡರು. ಒಂದೂವರೆ ರೊಟ್ಟಿಗೆ ಅವರ ಹೊಟ್ಟೆ ತುಂಬಿತು. ಸಾಕು ಎಂದರು. ಮಾಮಾ ಹಾಕಿದರು. ಬೇಡ ಎಂದರು. ಮಾಮಾ ನಕ್ಕು, ಹೆಸರಿನ ಮಾತು ಹೇಳಿ ಇನ್ನೊಂದು ಹಾಕಿದರು. ಅವರ ಊರಲ್ಲಿ ಬೇಡವೆಂದರೆ ಬೇಡವೇ. ಇಷ್ಟು ಅಕ್ಕರೆಯಿಂದ ಹಾಕುವವರನ್ನು ಬೈಯುವುದು ಹೇಗೆಂದು ತಿಳಿಯದೆ ಸುಮ್ಮನೆ ಕೂತರು. ಎದ್ದಾಗ ಪ್ರತಿ ತಾಟಿನಲ್ಲೂ ಮುಟ್ಟದ ರೊಟ್ಟಿ ಇತ್ತು, ಕೆಲವರದರಲ್ಲಿ ಎರಡು.

ಕಂಪನಿ ಸರ್ ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲಿದ್ದ ಬಕೀಟಿನ ಮುಂದೆ ನಿಂತುಬಿಟ್ಟ.

"ಇದೇನ್ರಿ ಅಕ್ಕಾರ?"

"ಮುಸುರಿ ರೀ."

"ಇಷ್ಟ?"

"ಬಾಜೂ ಮನ್ಯಾಗ ಎಮ್ಮಿ ಐತ್ರಿ. ಏನೂ ಹಾಳಾಗಂಗಿಲ್ಲ."

"ಎಮ್ಮಿನ್ನ ನಾವು ಕರ್ಕೊಂಡ ಬಂದಿದ್ದಿಲ್ಲಲ್ರಿ."

ಅಕ್ಕನಿಗೆ ಇದು ತಾಗಿತು. ಅವಳಿಗಿಂತ ದೊಡ್ಡವ್ವನಿಗೆ ಹೆಚ್ಚು ತಾಗಿತು. ಗಾಡಿ ಹೋದ ಮೇಲೆ ಅವಳು ಬಕೀಟಿನಿಂದ ತನ್ನದೊಂದು ರೊಟ್ಟಿ ಎತ್ತಿ ಹಿಡಿದು, "ಎಮ್ಮಿಗೆ ಹಾಕೂದಿದ್ರ ಹಿಟ್ಟ ಕೊಟ್ಟಬಿಡ್ರೆವಾ. ನನ್ನ ಅಂಗೈ ಯಾಕ ಸುಡಬೇಕು?" ಎಂದಳಂತೆ.

ಅಕ್ಕ ನನಗೆ ಫೋನು ಮಾಡಿದಳು. ನೀ ಇದನ್ನ ಓದಿದಾಕಿ, ಬಂದು ಏನರ ಹೇಳು ಎಂದಳು. ಮುಂದಿನ ಭಾನುವಾರವೇ ನಾನಿದ್ದ ಬೆಟಗೇರಿಯಿಂದ ಬಸ್ಸು ಹತ್ತಿದೆ. ನನ್ನ ನೆನಪಿನಲ್ಲಿ, ನಾನು ಅಲ್ಲಿ ಎಲ್ಲರ ಮಾತು ಕೇಳಿ, ಅಳುಕುತ್ತಲೇ ಒಂದು ಸಲಹೆ ಕೊಟ್ಟೆ. ಡೈರಿಯಲ್ಲಿ ಬೇರೆ ಇದೆ. 'ಬಡಿಸುವವರು ಒಂದೇ ಸಲ ಕೇಳಬೇಕು. ಬೇಡವೆಂದರೆ ಮುಂದೆ ಹೋಗಬೇಕು. ಅತಿಥಿಯ ಮಾತನ್ನು ಗೌರವಿಸುವುದೇ ಆತಿಥ್ಯ. ಸಮಸ್ಯೆ ಇಷ್ಟು ಸರಳ.' ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ. ಅಳುಕಿದವಳು ಎರಡು ಗೆರೆ ಎಳೆಯುವುದಿಲ್ಲ. ಅದಕ್ಕಿಂತ ನಾಚಿಕೆಯ ವಿಷಯವೆಂದರೆ, ಆ ಟಿಪ್ಪಣಿಯನ್ನು ನಾನು ಬರೆದದ್ದು ಹೋಗುವಾಗ, ಬಸ್ಸಿನಲ್ಲಿ. ಅಕ್ಷರಗಳು ಕುಲುಕಿವೆ. ಅಂದರೆ ಅಲ್ಲಿಗೆ ಮುಟ್ಟುವ ಮೊದಲೇ ಉತ್ತರ ನನ್ನ ಕೈಯಲ್ಲಿತ್ತು.

ಮಾಮಾನಿಗೆ ತರಬೇತಿ ಕೊಟ್ಟೆ. ನಾನು ತಾಟಿನ ಮುಂದೆ ಅತಿಥಿಯಾಗಿ ಕೂತೆ. ಮಾಮಾ ಬುಟ್ಟಿ ಹಿಡಿದು ಬಂದರು.

"ರೊಟ್ಟಿ ಹಾಕ್ಲೇನ್ರಿ?"

"ಬ್ಯಾಡ್ರಿ, ಸಾಕು."

ಮಾಮಾ ನಿಂತೇ ಇದ್ದರು.

"ಮುಂದ ಹೋಗ್ರಿ ಮಾಮಾ."

"ಹೊಂಟೀನವಾ. ಕಾಲ ಏಳವಲ್ವು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಐದಾರು ಸಲ ಮಾಡಿಸಿದ ಮೇಲೆ ಕಾಲು ಎದ್ದವು.

ಆ ವಾರವೇ ಒಂದು ಸೂಚನೆ ಸಿಕ್ಕಿತ್ತು. ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟಿರುವ ಸಾಹುಕಾರರೊಬ್ಬರು ಎಷ್ಟೋ ವರ್ಷಗಳಿಂದ ಮಧ್ಯಾಹ್ನ ಅಲ್ಲೇ ಉಣ್ಣುತ್ತಾರೆ. ಮಾಮಾನ ಗೆಳೆಯರು. ಹೊಸದಾಗಿ ಕಲಿತ ಗುಂಗಿನಲ್ಲಿ ಮಾಮಾ ಅವರನ್ನೂ ಒಂದೇ ಸಲ ಕೇಳಿ ಮುಂದೆ ಹೋದರು. ಸಾಹುಕಾರರು ಎರಡೇ ರೊಟ್ಟಿಗೆ ಎದ್ದರು. ಕೈ ತೊಳೆದು ಬಂದು ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಕೇಳಿದರು.

"ಏನಲೇ, ನನ್ನ ಖಾನಾವಳಿ ಬಿಡಸೋ ವಿಚಾರ ಏನರ ಐತೇನು? ಇಲ್ಲಾ ಮನ್ಯಾಗ ಜ್ವಾಳ ತೀರ್‍ಯಾವೋ? ಹೇಳು, ಅಂಗಡ್ಯಾಗಿಂದ ಒಂದ ಚೀಲಾ ಕಳಸ್ತೀನಿ."

ಮರುದಿನ ಅವರು ಬರಲಿಲ್ಲ. ಅಕ್ಕ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಡೈರಿಯಲ್ಲಿ ಬರೆದಿದ್ದೇನೆ: 'ಹಳಬರು ನಿಧಾನಕ್ಕೆ ಒಗ್ಗುತ್ತಾರೆ.' ಆ ವಾಕ್ಯವನ್ನು ಈಗ ಓದಿದರೆ ಮುಖ ಬಿಸಿಯಾಗುತ್ತದೆ. ಹಳಬಳು ನಾನೇ. ನನ್ನ ಮನೆಯಲ್ಲೂ ಬೀಗರು ಬಂದರೆ ನಾನು ಒಂದೇ ಸಲ ಕೇಳಿ ಬಿಡುತ್ತೇನೆಯೇ?

ಎರಡನೆಯ ಗಾಡಿಯ ದಿನ ನಾನು ಅಲ್ಲೇ ಇದ್ದೆ. ವಿಜಯಪುರ ಕಡೆಯ ನಿವೃತ್ತ ಮಾಸ್ತರರು, ಶಾಲೆ ಕಲಿಸಿದ ಬಾಯಿಯವರು. ಇಳಿಯುವಾಗಲೇ ಮಾಮಾನ ಜೊತೆ ಊರು, ಮಳೆ, ಬೆಳೆ ಮಾತಾಡಿದರು. ನನಗೆ ಆಗಲೇ ಹೊಳೆಯಬೇಕಿತ್ತು. ಇವರು ನಮ್ಮಂಥವರೇ, ಇವರೂ ಮೂರು ಸಲ ಕೇಳಿಸಿಕೊಂಡು ಉಣ್ಣುವವರು. ಹೊಳೆಯಲಿಲ್ಲ. ಮಾಮಾ ಒಬ್ಬೊಬ್ಬರ ಮುಂದೆ ಬುಟ್ಟಿ ಹಿಡಿದು ಒಂದು ಸಲ ಕೇಳಿದರು. ಒಬ್ಬೊಬ್ಬರೂ ವಾಡಿಕೆಯಂತೆ ಬೇಡ್ರಿ ಎಂದರು. ಬುಟ್ಟಿ ಮುಂದೆ ಹೋಯಿತು. ಒಬ್ಬ ಬಾಯಿಯವರು, ಬಿಳಿ ಸೀರೆಯ ವಯಸ್ಸಾದವರು, ಹೋಗುತ್ತಿರುವ ಬುಟ್ಟಿಯನ್ನೇ ನೋಡುತ್ತ, "ಝುಣಕ ಭಾಳ ಚಲೋ ಆಗೈತ್ರಿ" ಎಂದರು. ಅದು ಇನ್ನೊಂದು ರೊಟ್ಟಿ ಬೇಡುವ ರೀತಿ. ಮಾಮಾ ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಮುಂದೆ ಹೋಗಿ ಎಂದೆ. ಇದು ಡೈರಿಯಲ್ಲಿ ಇಲ್ಲ. ಆದರೆ ಆ ಕಣ್ಸನ್ನೆ ನನಗೆ ಎಷ್ಟು ಸ್ಪಷ್ಟವಾಗಿ ನೆನಪಿದೆಯೆಂದರೆ, ಅದು ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುವ ಧೈರ್ಯವಿಲ್ಲ.

ತಾಟುಗಳು ತೊಳೆದಂತೆ ಖಾಲಿ. ಬಕೀಟಿನ ತಳ ಕಾಣುತ್ತಿತ್ತು. ಕಂಪನಿ ಸರ್ ಅದರ ಫೋಟೋ ತೆಗೆದ. ನಾನು ಹಿಗ್ಗಿದೆ. ಬುಟ್ಟಿಯಲ್ಲಿ ರೊಟ್ಟಿ ಹಾಗೇ ಉಳಿದದ್ದನ್ನು ದೊಡ್ಡವ್ವ ನೋಡಿದಳು, ನಾನು ನೋಡಲಿಲ್ಲ.

ಸಂಜೆ ಅವನ ಫೋನು ಬಂತು.

"ಮೇಡಂ, ಶಿರಹಟ್ಟಿ ಮುಟ್ಟೂದ್ರಾಗ ಗಾಡಿ ನಿಲ್ಲಸ್ರಿ ಅಂದ್ರು. ಎಲ್ಲಾರೂ ಇಳದು ಮಿರ್ಚಿ ಭಜಿ ತಿಂದ್ರು. ಎರಡೆರಡ ಪ್ಲೇಟ."

"ಯಾಕ್ರಿ?"

"ಯಾಕಂದ್ರ ಹಸಿವಿಗೆ, ಮೇಡಂ. ಅಡಗಿ ಚಲೋ ಇತ್ತಂತ, ಹಾಕಾಕ ಮನಸಿದ್ದಿಲ್ಲಂತ. ಒಬ್ರು ಮಾಸ್ತರು ಅಂದ್ರು, ಸತ್ತವರ ಮನ್ಯಾಗ ಉಂಡ ಬಂದಂಗಾತು ಅಂತ."

ಇನ್ನೊಂದೇ ಗಾಡಿ ಉಳಿದಿತ್ತು. ಹೆದ್ದಾರಿಯ ಹೋಟೆಲಿನವರ ಜೊತೆ ಮಾತುಕತೆ ಶುರುವಾಗಿದೆ ಎಂದೂ ಅವನು ಮರೆಮಾಚದೆ ಹೇಳಿದ.

ಆ ಸಂಜೆಯೇ ನಾನು ಅಕ್ಕನ ಕ್ಷಮೆ ಕೇಳಿದೆ ಎಂದು ಇಷ್ಟು ದಿನ ನಂಬಿದ್ದೆ. ಅಕ್ಕ ಹಾಗೇನೂ ಆಗಲಿಲ್ಲ ಎನ್ನುತ್ತಾಳೆ. ಡೈರಿಯಲ್ಲಿ ಆ ದಿನದ ಪುಟ ಖಾಲಿಯಿದೆ, ಮರುದಿನ 'ತಪ್ಪು ಎಲ್ಲಾಯಿತೆಂದು ನೋಡಬೇಕು' ಎಂದಿದೆ. ತಪ್ಪು ನನ್ನದೇ, ಹುಡುಕಿ ನೋಡುವಂಥದೇನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಎಲ್ಲರೂ ಕೂತೆವು. ನಾನು ಮತ್ತೆ ಒಂದು ಉಪಾಯ ತೆಗೆದೆ. ಕೇಳುವುದು ಮೂರು ಸಲವೇ ಇರಲಿ, ರೊಟ್ಟಿಯನ್ನು ಸಣ್ಣದು ಮಾಡೋಣ. ದೊಡ್ಡವ್ವ ಹಂಚಿನ ಕಡೆಯಿಂದ ತಿರುಗಿದಳು.

"ಸಣ್ಣ ರೊಟ್ಟಿ ಬಡ್ಯಾಕ ನಾ ಏನ್ ಆಟಾ ಆಡೂ ಹುಡಿಗ್ಯೇನು? ನಮ್ಮತ್ತಿ ನೋಡಿದ್ರ ಮ್ಯಾಲೆ ಕುಂತ ನಗ್ತಾಳ."

"ಹಂಗಲ್ಲ ದೊಡ್ಡವ್ವ, ಮಂದಿ ಬಿಡ್ತಾರಲ್ಲ..."

"ಮಂದಿ ಬಿಟ್ರ ಮಂದೀನ್ನ ಸಣ್ಣ ಮಾಡು. ರೊಟ್ಟಿ ಯಾಕ ಸಣ್ಣ ಮಾಡ್ತಿ?"

ಮೂವರು ಹೆಂಗಸರು ಸೆರಗಿನಲ್ಲಿ ನಕ್ಕರು. ಆಮೇಲೆ ಯಾರೋ ಬುಟ್ಟಿಯಿಂದ ಒಂದು ರೊಟ್ಟಿ ಎಳೆದು ನಾಲ್ಕು ತುಂಡು ಹರಿದರು. ಒಂದು ತುಂಡು ಎತ್ತಿ ತೋರಿಸಿ, "ಇದನ್ನ ಹಿಡಕೊಂಡ ಹೋಗಿ ಬೇಕಾದಷ್ಟ ಜುಲುಮಿ ಮಾಡ್ರಿ" ಎಂದರು. ಹರಿದದ್ದು ದೊಡ್ಡವ್ವ ಎಂದು ಡೈರಿ. ಸಿಟ್ಟಿಗೆದ್ದು ಹರಿದದ್ದು ಮಾಮಾ, ಮಾತು ಮಾತ್ರ ದೊಡ್ಡವ್ವನದು ಎಂದು ಅಕ್ಕ. ಕಾಲೇಜಿನಲ್ಲಿ ನಾನು ಹೇಳುತ್ತಿದ್ದದ್ದು 'ನಾವು' ಎಂದು, ಅದನ್ನು ಕೇಳಿದವರಿಗೆ 'ನಾನು' ಎಂದು ಅನ್ನಿಸುವ ಧಾಟಿಯಲ್ಲಿ. ಡೈರಿಯೂ ಕೊನೆಯ ಸಾಕ್ಷಿಯಲ್ಲ. ಆ ಮಧ್ಯಾಹ್ನ ನನಗೆ ಕಾಲೇಜಿನಿಂದ ಎರಡು ಸಲ ಫೋನು ಬಂದು ನಾನು ಹೊರಗೆ ಹೋಗಿದ್ದೆ. ಒಂದು ಮಾತು ಖಚಿತ: ಹರಿದ ಕೈ ನನ್ನದಲ್ಲ.

ಸೊಂಟ ನೋವಿನ ನಡುವಿನವಳು ತಕರಾರು ತೆಗೆದಳು.

"ಹರದದ್ದು ಬಡಸಿದ್ರ ಎಂಜಲ ಅಂತಾರ್‍ರಿ. ಯಾರೋ ತಿಂದ ಬಿಟ್ಟದ್ದು ಅಂತ ತಿಳಕೊಂತಾರ."

ಖರೆ ಮಾತು. ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ಮಾಮಾ ಬುಟ್ಟಿಯಿಂದ ಇನ್ನೊಂದು ರೊಟ್ಟಿ ಎತ್ತಿಕೊಂಡರು.

"ಅವರ ಕಣ್ಣ ಮುಂದ ಹರೀತೀನಿ. ಇಡೀ ರೊಟ್ಟಿ ಒಯ್ತೀನಿ, ತಾಟಿನ ಮ್ಯಾಲೆ ಹಿಡದು ಹರೀತೀನಿ."

"ಉಳದ ಮೂರ ಚೂರು?" ಅಕ್ಕ ಕೇಳಿದಳು.

"ಬಾಜೂದವರಿಗೆ. ಅವ್ರೂ ನೋಡಿರ್ತಾರಲ್ಲ."

ಮೂರನೆಯ ಗಾಡಿಯಲ್ಲಿ ಅರ್ಧ ಜನ ಮೈಸೂರು ಕಡೆಯವರು, ಅರ್ಧ ಬೆಳಗಾವಿ ಕಡೆಯವರು. ಎರಡೂ ಪರೀಕ್ಷೆ ಒಂದೇ ಪಂಕ್ತಿಯಲ್ಲಿ. ಎಲ್ಲರೂ ಕೂತ ಮೇಲೆ ಮಾಮಾ ಬುಟ್ಟಿಯನ್ನು ಸೊಂಟಕ್ಕೇರಿಸಿ ನಡುವೆ ನಿಂತರು. ಈ ಮಾತನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ನೋಡ್ರಿ, ನಮ್ಮ ಊರಾಗ ಮೂರ ಸಲ ಕೇಳೂ ಪದ್ಧತಿ. ಮೊದಲನೇ ಸಲ ಬ್ಯಾಡ ಅಂದ್ರ ನಮಗ ಕೇಳಸಂಗಿಲ್ಲ. ಎರಡನೇ ಸಲ ಅರ್ಧಾ ಕೇಳಸ್ತೈತಿ. ಖರೇನ ಬ್ಯಾಡಾಗಿದ್ರ ತಾಟಿನ ಮ್ಯಾಲೆ ಹಿಂಗ ಕೈ ಅಡ್ಡ ಹಿಡೀರಿ. ಆಮ್ಯಾಲೆ ನಮ್ಮವ್ವ ಬಂದ್ರೂ ಹಾಕಂಗಿಲ್ಲ."

ಮೈಸೂರಿನವರು ನಕ್ಕರು, ಬೆಳಗಾವಿಯವರು ತಲೆಯಾಡಿಸಿದರು. ಮಾಮಾ ಇಡೀ ರೊಟ್ಟಿ ಎತ್ತಿ ಹಿಡಿದು ಹರಿಯುತ್ತ ಹೋದರು. ಕಾಲುಭಾಗಕ್ಕೆ ಒಲ್ಲೆ ಎನ್ನುವುದು ಕಷ್ಟ, ಅದನ್ನು ಉಳಿಸುವುದು ಇನ್ನೂ ಕಷ್ಟ. ಬೆಳಗಾವಿ ಕಡೆಯ ಒಬ್ಬರು ಕಾಲು ಕಾಲಾಗಿ ಮೂರು ರೊಟ್ಟಿ ಉಂಡರು. ಮೈಸೂರಿನ ಹೆಣ್ಣುಮಗಳೊಬ್ಬಳು ಮಾಮಾನ ಕೈಯಿಂದ ಒಂದು ತುಂಡು ಇಸಿದುಕೊಂಡು ತನ್ನ ಗಂಡನಿಗೇ ಜುಲುಮಿ ಮಾಡಿದಳು. ಹೊಟ್ಟೆ ತುಂಬಿದವರು ಕೈ ಅಡ್ಡ ಹಿಡಿದರು, ಮಾಮಾ ಆ ಕೈಗಳಿಗೆ ಬಾಗಿ ಮುಂದೆ ಹೋದರು.

ಒಂದು ಪದ್ಧತಿಯನ್ನು ಬಾಯಿಬಿಟ್ಟು ಸಾರಿದರೆ ಅದು ಪದ್ಧತಿಯಾಗಿ ಉಳಿಯುತ್ತದೆಯೇ, ಇಲ್ಲ ನೋಡುವವರಿಗಾಗಿ ಮಾಡುವ ಆಟವಾಗುತ್ತದೆಯೇ? ಅಂದು ಪಡಸಾಲೆಯ ಮೂಲೆಯಲ್ಲಿ ನಿಂತು ನಾನು ಇದನ್ನೇ ಯೋಚಿಸುತ್ತಿದ್ದೆ. ನನ್ನ ಪ್ರಬಂಧದಲ್ಲಿ ಇದರ ಮೇಲೆ ಒಂದು ಇಡೀ ಅಧ್ಯಾಯವಿತ್ತು, ಅದರ ಉತ್ತರ ಆಟವಾಗುತ್ತದೆ ಎಂದಾಗಿತ್ತು. ಆದರೆ ಈ ಗಾಡಿ ಬರುವ ಮೊದಲೇ ಮಾಮಾ ಸಾಹುಕಾರರ ಅಂಗಡಿಗೆ ಹೋಗಿ, ಕೈ ಹಿಡಿದು ಎಬ್ಬಿಸಿ ತಂದು, ಅವರ ತಾಟಿಗೂ ಹೀಗೆಯೇ ಹರಿದು ಹಾಕಿದ್ದರು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಆ ಅಧ್ಯಾಯವನ್ನು ಇಂದು ಬರೆದರೆ ಬೇರೆ ರೀತಿ ಬರೆಯುತ್ತೇನೆ.

ಬಕೀಟು ಹೆಚ್ಚುಕಡಿಮೆ ಖಾಲಿ, ಬುಟ್ಟಿಯೂ ಖಾಲಿ. ಪಕ್ಕದ ಮನೆಯವಳು ಮಾತ್ರ ಬೇಲಿಯ ಆಚೆಯಿಂದ ಅಂದಳು: "ಏನವಾ, ನಮ್ಮ ಎಮ್ಮಿ ನಿಮ್ಮ ಬಾಗಲಾ ನೋಡಿ ನೋಡಿ ಸೊರಗಾಕ ಹತ್ತೈತಿ. ನಾಳಿ ಮೊಸರ ತೆಳ್ಳಗಾದ್ರ ನನ್ನ ಬೈಬ್ಯಾಡ."

ಕಂಪನಿ ಸರ್ ಪಡಸಾಲೆಯ ಕಟ್ಟೆಯ ಮೇಲೆ ಕೂತು, ಅಕ್ಕನನ್ನು ಕರೆದು, ಇನ್ನು ಮೇಲೆ ದಿನಕ್ಕೆ ನಾಲ್ಕು ಗಾಡಿ, ದಿನಾಲೂ ಎಂದ. ರೊಟ್ಟಿ ಬಡಿಯುವುದು ಕಷ್ಟವಾದರೆ ಮಷಿನ್ ತಾವೇ ಕೊಡಿಸುತ್ತೇವೆ ಎಂದ. ಆ ದಿನದ ಡೈರಿಯಲ್ಲಿ ನಾನು ದೊಡ್ಡ ಅಕ್ಷರ ಮಾಡಿ 'ಬೆಳವಣಿಗೆ' ಎಂದು ಬರೆದಿದ್ದೇನೆ.

ಅಕ್ಕ ಗೋಡೆಯ ಗಡಿಯಾರ ನೋಡಿದಳು. ನಾಲ್ಕೂವರೆ. ಒಳಗೆ ದೊಡ್ಡವ್ವ ಮತ್ತು ಮೂವರು ಹೆಂಗಸರು ಇನ್ನೂ ಉಂಡಿರಲಿಲ್ಲ.

"ಗಾಡಿ ಎಷ್ಟ ಅನ್ನೂದು ನನಗ ಗೊತ್ತಿಲ್ರಿ" ಎಂದಳು. "ಅಡಗಿ ಮಾಡಿದವರು ಮೂರ ಗಂಟೇಕ ಉಣ್ಣಾಕ ಕುಂಡ್ರಬೇಕು. ಅಷ್ಟ ಆಗೂವಷ್ಟ ಮಂದೀನ್ನ ಕಳಸ್ರಿ."

"ಅಂದ್ರ ಎಷ್ಟ್ರಿ?"

ಅಕ್ಕ ಒಳಗೆ ಹೋಗಿ ದೊಡ್ಡವ್ವನನ್ನು ಕೇಳಿ ಬಂದಳು.

"ವಾರಕ್ಕ ಎರಡ ದಿನ. ದಿನಕ್ಕ ಒಂದ ಗಾಡಿ."

"ಅಕ್ಕಾರ, ನಾ ಹೇಳಿದ್ದ ನಾಕು, ದಿನಾಲೂ."

"ಕೇಳಿಸ್ಯಾವ್ರಿ. ಪೇಟಿ ಮಂದೀನ್ನ ನಾ ಹೊರಗ ನಿಲ್ಲಸಂಗಿಲ್ಲ. ಬ್ಯಾಸಗ್ಯಾಗ ನೀವು ಬರಂಗಿಲ್ಲ, ಅವ್ರು ಬರ್ತಾರ. ಶಿರಹಟ್ಟ್ಯಾಗ, ಮುಂಡರಗ್ಯಾಗ ಖಾನಾವಳಿ ಇಲ್ಲೇನ್ರಿ? ಉಳದ ಗಾಡಿ ಅಲ್ಲೆ ನಿಲ್ಲಸ್ರಿ. ಬೇಕಾದ್ರ ಅವರಿಗೆ ಹೇಳಿಕೊಡಾಕ ನಾ ಬರ್ತೀನಿ."

ಅವನು ಅದನ್ನು ಮೊಬೈಲಿನಲ್ಲಿ ಬರೆದುಕೊಂಡ. ಮಾಲಕರನ್ನು ಕೇಳಿ ಹೇಳುತ್ತೇನೆ, ಆದರೆ ಅವರು ದಿನಾಲೂ ಆದರೆ ಆಗಲಿ, ಇಲ್ಲದಿದ್ದರೆ ಹೆದ್ದಾರಿ ಹೋಟೆಲೇ ಇರಲಿ ಎನ್ನಬಹುದು ಎಂದು ಎದ್ದ.

ಗಾಡಿ ಓಣಿ ದಾಟುವವರೆಗೆ ತಡೆದುಕೊಂಡಿದ್ದೆ.

"ಯಕ್ಕಾ, ಹಿಂಗಂದ್ರ ಹೆಂಗ? ಆ ಮೂರೂ ಮಂದಿ ಕೆಲಸಾ ಹೋಗ್ತಾವ."

"ಮಷಿನ್ ಬಂದ್ರೂ ಹೋಗ್ತಾವ, ತಂಗಿ."

ಅಕ್ಕ ಹೀಗೆ ಮಿತಿ ಹಾಕಿದ್ದನ್ನು ಸೋಲು ಎಂದು ನಾನು ತಿಳಿದಿಲ್ಲ. ನಮ್ಮ ಕಡೆ ಪ್ರವಾಸೋದ್ಯಮ ಬೆಳೆಯುವುದಾದರೆ ಅಕ್ಕನಂಥವರು ಇಷ್ಟೇ ಎಂದು ಹೇಳಬಲ್ಲ ಜಾಗದಲ್ಲಿ ಬೆಳೆಯುತ್ತದೆ, ಬೆಳೆದದ್ದು ನಿಲ್ಲುತ್ತದೆ ಎಂದು ಅಂದಿನಿಂದ ನಂಬಿದ್ದೇನೆ. ಆದರೆ ಆ ನಂಬಿಕೆ ಬಂದದ್ದು ಆಮೇಲೆ. ಅಂದು ನಾನು ಸಿಟ್ಟಿನಿಂದ, ಚಹಾ ಕುಡಿಯದೆ ಬಸ್ಸು ಹತ್ತಿದೆ.

ಎಷ್ಟು ದಿನ ಕಾದರೆಂಬುದರಲ್ಲಿ ಒಮ್ಮತವಿಲ್ಲ. ಅಕ್ಕ ಹದಿನೈದು ದಿನ ಎನ್ನುತ್ತಾಳೆ. ಡೈರಿಯಂತೆ ಎಂಟು ದಿನ. ಮೆಣಸಿನಕಾಯಿ ಬಿಡಿಸುವ ಕಾಲ ಶುರುವಾಗಿತ್ತು. ಕೂಲಿಗೆ ಹೆಣ್ಣಾಳು ಕೂಡಿಸುವ ಮುಖ್ಯಸ್ಥೆ ನಡುವಿನವಳ ಮನೆಗೆ ಎರಡು ಸಲ ಬಂದು, ಬರ್ತೀಯೋ ಇಲ್ಲೋ ಹೇಳು, ಟೆಂಪೋದಾಗ ಜಾಗಾ ಹಿಡೀಬೇಕು ಎಂದು ಹೋಗಿದ್ದಳು. ನಾಳೆಯೊಳಗೆ ಹೇಳುತ್ತೇನೆ ಎಂದು ಅವಳು ದಿನ ನೂಕುತ್ತಿದ್ದಳು. ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ. ಮುಂಜಾನೆ ಬರುತ್ತಿದ್ದಳು, ಹಿಟ್ಟು ನಾದುತ್ತಿದ್ದಳು, ಹೋಗುತ್ತಿದ್ದಳು.

ಕಂಪನಿಯ ಉತ್ತರ ಬಂದ ದಿನ ನಾನು ಆ ಅಡುಗೆಮನೆಯಲ್ಲಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಹಾಗೆಂದು ನನಗೆ ಎಷ್ಟೋ ವರ್ಷಗಳಿಂದ ನೆನಪಿದೆ. ಡೈರಿ ನೋಡಿದರೆ ಅಂದು ಗದುಗಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತಿದ್ದೆ. ಅಕ್ಕನ ಬಾಯಿಂದ ಕೇಳಿ ಕೇಳಿ ನನ್ನನ್ನು ನಾನೇ ಆ ಬಾಗಿಲಲ್ಲಿ ನಿಲ್ಲಿಸಿಕೊಂಡಿರಬೇಕು. ಆದ್ದರಿಂದ ಇದು ಅಕ್ಕ ಹೇಳಿದ್ದು.

ಮೂರು ಗಂಟೆ ದಾಟಿತ್ತು. ಪೇಟೆಯವರ ಊಟ ಮುಗಿದು ಐವರೂ ಹೆಂಗಸರು ಒಲೆಯ ಸುತ್ತ ತಾಟು ಹಾಕಿಕೊಂಡು ಕೂತಿದ್ದರು. ಕಿಟಕಿಯ ಮೇಲಿನ ಅಕ್ಕನ ಫೋನು ಹೊಡೆದುಕೊಂಡಿತು. ಯಾರ ನಂಬರೆಂದು ಎಲ್ಲರಿಗೂ ಕಾಣಿಸಿತು. ಅಕ್ಕನ ಕೈ ಎಂಜಲಾಗಿತ್ತು. ಮಾಮಾ ಫೋನು ತೆಗೆದು, ಅವಳ ಕಿವಿಗೆ ಹಿಡಿದು ನಿಂತರು. ಅಕ್ಕ ಹೂಂ ಎಂದಳು, ಮತ್ತೆ ಹೂಂ ಎಂದಳು. ಎರಡ ದಿನ ಅಂದ್ರ ಶನಿವಾರ ಐತವಾರ ಅಲ್ರಿ? ಆತು ಎಂದಳು. ಮುಂಡರಗಿಯವರಿಗೆ ನಾ ಬುಧವಾರ ಬರ್ತೀನಂತ ಹೇಳ್ರಿ ಎಂದಳು. ಮಾಮಾ ಫೋನು ಇಳಿಸಿದರು. ದೊಡ್ಡವ್ವ ಪಲ್ಯದ ಬೋಗುಣಿಯನ್ನು ನಡುವಿನವಳ ಕಡೆ ಸರಿಸಿದಳು.

ನಡುವಿನವಳು ಪಲ್ಯ ಬಡಿಸಿಕೊಳ್ಳಲಿಲ್ಲ. ಎಡಗೈಯಿಂದ ಸೆರಗಿನ ಗಂಟು ಬಿಚ್ಚಿ ತನ್ನ ಫೋನು ತೆಗೆದಳು, ಹೆಬ್ಬೆರಳಿನಿಂದ ಕೂಲಿಯ ಮುಖ್ಯಸ್ಥೆಯ ನಂಬರು ಒತ್ತಿದಳು.

"ಯಕ್ಕಾ, ನಾನು. ನಾಳಿ ಮೆಣಸಿನಕಾಯಿಗೆ ನಾ ಬರಂಗಿಲ್ಲ. ಇಲ್ಲ, ಆರಾಮ ಅದೀನಿ. ನನ್ನ ಜಾಗಾಕ್ಕ ಬ್ಯಾರೆದವರನ್ನ ಕುಂಡ್ರಿಸ್ಕೋ. ಇಲ್ಲ, ನಾಡದನೂ ಬರಂಗಿಲ್ಲ."